ಮ್ಯೂನಿಕ್‌ನಿಂದ ಒಂದು ದಿನದ ಸುತ್ತಾಟ: ವಾಪಸ್ ರೈಲನ್ನು ಮೊದಲು ನೋಡಿ

ಊರಿನಿಂದ ಅಪ್ಪ ಅಮ್ಮ ಮ್ಯೂನಿಕ್‌ಗೆ ಬಂದ ಮೊದಲ ವಾರ ಮನೆ, ಮೊಮ್ಮಕ್ಕಳು, ಹತ್ತಿರದ ಪಾರ್ಕು ಅಂತ ಕಳೆದುಹೋಗುತ್ತದೆ. ಎರಡನೇ ವಾರ ಅಪ್ಪ ಬಾಲ್ಕನಿಯಲ್ಲಿ ನಿಂತು, "ಅಲ್ಲಿ ಕಾಣೋದು ಹಿಮದ ಬೆಟ್ಟಾನೇ ಅಲ್ವಾ? ಅಲ್ಲಿಗೆ ಹೋಗೋಕಾಗಲ್ವಾ?" ಎಂದು ಕೇಳುತ್ತಾರೆ. ಖಂಡಿತ ಆಗುತ್ತದೆ. ಅದಕ್ಕೆ ಕಾರು ಬೇಡ, ಹೋಟೆಲ್ ರೂಮೂ ಬೇಡ. ಬೆಳಗ್ಗೆ ತಿಂಡಿ ತಿಂದು ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಎರಡು ಗಂಟೆಯ ರೈಲು ದಾರಿಯೊಳಗೆ ಆಲ್ಪ್ಸ್ ಬೆಟ್ಟಗಳಿವೆ, ದೊಡ್ಡ ಸರೋವರಗಳಿವೆ, ರಾಜನ ಅರಮನೆಗಳಿವೆ, ಪಕ್ಕದ ದೇಶದ ಒಂದು ಊರೂ ಇದೆ.

ಆದರೆ ಸುಮ್ನೆ ಎದ್ದು ಹೊರಟರೆ ಅರ್ಧ ದಿನ ಪ್ಲಾಟ್‌ಫಾರಂನಲ್ಲೇ ಮುಗಿಯುತ್ತದೆ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಅದು ಜಾಸ್ತಿ ಕಷ್ಟ. ಹಾಗಾಗಿ ನಮ್ಮ ಮನೆಯಲ್ಲಿ ಈಗ ರೂಢಿಯಾಗಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಎರಡು ಟಿಕೆಟ್‌ಗಳಲ್ಲಿ ಯಾವುದು ನಿಮ್ಮದು?

ಇಲ್ಲಿ ನೂರೆಂಟು ಬಗೆಯ ಟಿಕೆಟ್ ಇವೆ. ಒಂದು ದಿನದ ಸುತ್ತಾಟಕ್ಕೆ ಎರಡನ್ನು ತಿಳಿದುಕೊಂಡರೆ ಸಾಕು.

ಒಂದು, ಬಯರ್ನ್ ಟಿಕೆಟ್. ಬವೇರಿಯಾ ರಾಜ್ಯದ ಒಳಗೆ ಒಂದು ದಿನಕ್ಕೆ ಇದೊಂದೇ ಟಿಕೆಟ್ ಸಾಕು. ಒಂದು ಟಿಕೆಟ್‌ನಲ್ಲಿ ಐದು ಜನರವರೆಗೆ ಹೋಗಬಹುದು. ಮೊದಲನೆಯವರಿಗೆ ದರ ಜಾಸ್ತಿ, ಆಮೇಲೆ ಸೇರುವ ಪ್ರತಿಯೊಬ್ಬರಿಗೂ ತುಂಬ ಕಡಿಮೆ. ಅಂದರೆ ಒಬ್ಬರೇ ಹೋದರೆ ಅಂಥ ಲಾಭವಿಲ್ಲ, ನಾಲ್ಕೈದು ಜನ ಸೇರಿದರೆ ತಲಾ ಖರ್ಚು ಚೆನ್ನಾಗಿ ಇಳಿಯುತ್ತದೆ. ಸ್ವಂತ ಮಕ್ಕಳು, ಮೊಮ್ಮಕ್ಕಳು 14 ವರ್ಷದವರೆಗೆ ಪುಕ್ಕಟೆ. ಅಜ್ಜ ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ಹೋದರೂ ಇದೇ ನಿಯಮ.

ಇದರಲ್ಲಿ ಗಂಟೆಯ ಲೆಕ್ಕ ಮುಖ್ಯ. ಸೋಮವಾರದಿಂದ ಶುಕ್ರವಾರದವರೆಗೆ ಇದು ಬೆಳಗ್ಗೆ 9ಕ್ಕೆ ಶುರುವಾಗುತ್ತದೆ. ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜೆಯಂದು ಮಧ್ಯರಾತ್ರಿಯಿಂದಲೇ ನಡೆಯುತ್ತದೆ. ಮುಗಿಯುವುದು ಮಾರನೇ ದಿನ ನಸುಕಿನ 3 ಗಂಟೆಗೆ. ವಾರದ ದಿನ 8:55ರ ರೈಲು ಹತ್ತಿದರೆ ಈ ಟಿಕೆಟ್ ಇದ್ದೂ ಇಲ್ಲದ ಹಾಗೆ. ಮನೆಯಿಂದ ಸ್ಟೇಷನ್‌ಗೆ ಹೋಗುವ ಯು-ಬಾನ್ (ಊರಿನ ಮೆಟ್ರೋ ರೈಲು), ಟ್ರಾಮ್‌ಗೂ ಇದೇ ಲೆಕ್ಕ. ಟಿಕೆಟ್ ತೆಗೆದುಕೊಂಡ ಕೂಡಲೇ ಹೋಗುವ ಎಲ್ಲರ ಹೆಸರನ್ನೂ ಅದರಲ್ಲಿ ಬರೆಯಬೇಕು. ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆದರೆ ಪರೀಕ್ಷೆಯ ವೇಳೆ ತೊಂದರೆ ಇಲ್ಲ.

ಇನ್ನೊಂದು, ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು. 2025ರಲ್ಲಿ 58 ಆಯಿತು, 2026ರಿಂದ 63. ಒಂದು ತಿಂಗಳು ಇಡೀ ಜರ್ಮನಿಯ ಲೋಕಲ್ ರೈಲು, ಯು-ಬಾನ್, ಟ್ರಾಮ್, ಬಸ್ಸುಗಳಲ್ಲಿ ಓಡಾಡಬಹುದು. ಒಬ್ಬರ ಟಿಕೆಟ್ ಒಬ್ಬರಿಗೇ, ಮನೆಯಲ್ಲಿ ಇನ್ನೊಬ್ಬರಿಗೆ ಕೊಡುವಂತಿಲ್ಲ. ಆರು ವರ್ಷ ತುಂಬಿದ ಮಕ್ಕಳಿಗೆ ಬೇರೆ ಟಿಕೆಟ್ ಬೇಕು. ಇದು ಚಂದಾ ಇದ್ದ ಹಾಗೆ, ತಾನಾಗಿಯೇ ಮುಂದುವರಿಯುತ್ತದೆ. ನಿಲ್ಲಿಸಬೇಕಿದ್ದರೆ ಆ ತಿಂಗಳ 10ನೇ ತಾರೀಖಿನ ಒಳಗೆ ರದ್ದು ಮಾಡಬೇಕು. ಅಪ್ಪ ಅಮ್ಮ ಊರಿಗೆ ವಾಪಸ್ ಹೋಗುವ ಗಡಿಬಿಡಿಯಲ್ಲಿ ಇದನ್ನು ಮರೆತರೆ ಇನ್ನೊಂದು ತಿಂಗಳ ದುಡ್ಡು ಹೋಗುತ್ತದೆ. ಫೋನ್ ಕ್ಯಾಲೆಂಡರ್‌ನಲ್ಲಿ ಈಗಲೇ ಹಾಕಿಡಿ.

ನನ್ನ ಲೆಕ್ಕ ಹೀಗೆ: ಅಪ್ಪ ಅಮ್ಮ ತಿಂಗಳಿಗೆ ಮೂರ್ನಾಲ್ಕು ಸಲ ಹೊರಗೆ ಹೋಗುತ್ತಾರೆ, ದಿನಾ ಟ್ರಾಮ್‌ನಲ್ಲಿ ಓಡಾಡುತ್ತಾರೆ ಅಂದರೆ ಡಾಯ್ಚ್‌ಲಾಂಡ್ ಟಿಕೆಟ್. ಇಡೀ ಸಂಸಾರ ಸೇರಿ ಒಂದೇ ಭಾನುವಾರ ಹೋಗುವುದಾದರೆ ಬಯರ್ನ್ ಟಿಕೆಟ್.

ಎರಡಕ್ಕೂ ಒಂದು ಗಡಿ ಇದೆ. ಐಸಿಇ, ಐಸಿ, ಇಸಿ, ರೇಲ್‌ಜೆಟ್‌ನಂಥ ವೇಗದ ರೈಲುಗಳಲ್ಲಿ ಇವು ನಡೆಯುವುದಿಲ್ಲ. ಬೋರ್ಡ್‌ನಲ್ಲಿ 'ಸಾಲ್ಜ್‌ಬರ್ಗ್' ಎಂದು ಕಂಡ ತಕ್ಷಣ ಹತ್ತಬೇಡಿ. ಊರಿನ ಹೆಸರಿನ ಜೊತೆ ಆರ್‌ಇ, ಆರ್‌ಬಿ ಅಥವಾ ಎಸ್ ಅಕ್ಷರ ಇದೆಯಾ ನೋಡಿ. ತಪ್ಪು ರೈಲಿನಲ್ಲಿ ಸಿಕ್ಕಿಬಿದ್ದರೆ ದಂಡ 60 ಯೂರೋದಿಂದ ಶುರು, ಅದೂ ತಲಾ. ಫೋನ್‌ನ ರೈಲು ಆ್ಯಪ್‌ನಲ್ಲಿ 'ಲೋಕಲ್ ಸಾರಿಗೆ ಮಾತ್ರ' ಎಂಬ ಆಯ್ಕೆ ಇದೆ. ಅದನ್ನು ಒಂದು ಸಲ ಒತ್ತಿಟ್ಟರೆ ಈ ಚಿಂತೆಯೇ ಇಲ್ಲ.

ಎರಡನೇ ಹೆಜ್ಜೆ: ದಿನಕ್ಕೆ ಒಂದೇ ಊರು

ಊರಿನಿಂದ ಬಂದವರಿಗೆ ಎಲ್ಲ ತೋರಿಸಿಬಿಡಬೇಕು ಅನ್ನುವ ಆಸೆ ನಮಗೇ ಜಾಸ್ತಿ ಇರುತ್ತದೆ. ಬೆಳಗ್ಗೆ ಅರಮನೆ, ಮಧ್ಯಾಹ್ನ ಸರೋವರ, ಸಂಜೆ ಕೇಬಲ್ ಕಾರ್ ಎಂದು ಪಟ್ಟಿ ಮಾಡುತ್ತೇವೆ. ದಯವಿಟ್ಟು ಬೇಡ. ಲೋಕಲ್ ರೈಲು ಬಹಳಷ್ಟು ದಾರಿಗಳಲ್ಲಿ ಗಂಟೆಗೊಂದು. ಒಂದು ತಪ್ಪಿದರೆ ಒಂದು ಗಂಟೆ ಹೋಯಿತು. ಎರಡು ಊರು ಇಟ್ಟುಕೊಂಡರೆ ದಿನವೆಲ್ಲ ಗಡಿಯಾರ ನೋಡುತ್ತಲೇ ಇರಬೇಕು. ಒಂದೇ ಊರಾದರೆ ಅಮ್ಮ ಒಂದು ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಬಾತುಕೋಳಿ ನೋಡಬಹುದು. ಊರಿಗೆ ಹೋದ ಮೇಲೆ ನೆನಪಿಗೆ ಬರುವುದು ಆ ಬೆಂಚೇ.

ಆರಿಸುವಾಗ ಹವಾಮಾನ ನೋಡಿ. ಮೋಡ ಮುಚ್ಚಿದ ದಿನ ಬೆಟ್ಟದ ಮೇಲೆ ದುಡ್ಡು ಕೊಟ್ಟು ಹೋದರೆ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಂಥ ದಿನ ಸಾಲ್ಜ್‌ಬರ್ಗ್ ಅಥವಾ ರೇಗನ್ಸ್‌ಬುರ್ಗ್‌ನಂಥ ಹಳೇ ಊರಿಗೆ ಹೋಗಿ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಇಲ್ಲಿ ಆಗಸ್ಟ್ 15 ಕೂಡ ರಜೆ, ಮೇರಿ ಮಾತೆಯ ಹಬ್ಬ. ನಮ್ಮ ಸ್ವಾತಂತ್ರ್ಯ ದಿನದಂದೇ ಸುತ್ತಾಡಲು ಒಂದು ಬೇಸಿಗೆಯ ದಿನ ಸಿಗುತ್ತದೆ. ಅಕ್ಟೋಬರ್‌ಫೆಸ್ಟ್ ನಡೆಯುವ ಸೆಪ್ಟೆಂಬರ್ ಕೊನೆಯ ವಾರಾಂತ್ಯಗಳಲ್ಲಿ ಮಾತ್ರ ಮಕ್ಕಳು, ಹಿರಿಯರನ್ನು ಕರೆದುಕೊಂಡು ಹೊರಡಬೇಡಿ. ರೈಲಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.

ಮೂರನೇ ಹೆಜ್ಜೆ: ವಾಪಸ್ ರೈಲು

ಎಲ್ಲರೂ ಹೋಗುವ ರೈಲನ್ನು ನೋಡುತ್ತಾರೆ. ನೀವು ಬರುವ ರೈಲಿನಿಂದ ಶುರು ಮಾಡಿ. ರಾತ್ರಿ ಎಷ್ಟು ಗಂಟೆಗೆ ಮನೆಯಲ್ಲಿರಬೇಕು? ಎಂಟೂವರೆ ಅಂದುಕೊಳ್ಳಿ. ಅದಕ್ಕೆ ಸರಿಯಾದ ರೈಲು ಯಾವುದು, ಅದರ ಹಿಂದಿನದು ಯಾವುದು, ಮುಂದಿನದು ಯಾವುದು, ಕೊನೆಯದು ಯಾವುದು? ಈ ನಾಲ್ಕು ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಅಪ್ಪನ ಜೇಬಿಗೆ ಹಾಕಿ. ನಿಮ್ಮ ಫೋನ್ ಸತ್ತರೂ ಚೀಟಿ ಇರುತ್ತದೆ.

ಇನ್ನೊಂದು ಕೆಲಸ. ಆ ದಾರಿಯಲ್ಲಿ ಅಂದು ಹಳಿ ರಿಪೇರಿ ಇದೆಯಾ ನೋಡಿ. ವಾರಾಂತ್ಯದಲ್ಲಿ ಇದು ತುಂಬ ಸಾಮಾನ್ಯ. ರೈಲಿನ ಬದಲು ಬಸ್ ಬಿಡುತ್ತಾರೆ, ಬೋರ್ಡ್‌ಗಳಲ್ಲಿ ಅದಕ್ಕೆ 'ಎಸ್ ಇ ವಿ' ಎಂಬ ಮೂರು ಅಕ್ಷರ ಬರೆದಿರುತ್ತದೆ. ಬಸ್ ನಿಧಾನ, ಸ್ಟೇಷನ್ ಹೊರಗೆ ಎಲ್ಲೋ ನಿಂತಿರುತ್ತದೆ. ಅಂದು ಬೇರೆ ದಿಕ್ಕಿನ ಊರು ಆರಿಸಿಕೊಳ್ಳುವುದೇ ಮೇಲು.

ನಾಲ್ಕನೇ ಹೆಜ್ಜೆ: ಬುತ್ತಿ

ಭಾನುವಾರ ಇಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ಸ್ಟೇಷನ್ ಒಳಗಿನ ಅಂಗಡಿ, ಬೇಕರಿ ಬಿಟ್ಟರೆ ಚಿಕ್ಕ ಊರುಗಳಲ್ಲಿ ಏನೂ ಸಿಗದೆ ಇರಬಹುದು. ಶನಿವಾರ ಸಂಜೆಯೇ ಹಣ್ಣು, ಬ್ರೆಡ್ ತಂದಿಡಿ. ನಾವು ಪುಳಿಯೋಗರೆ ಅಥವಾ ಚಿತ್ರಾನ್ನ, ಜೊತೆಗೆ ಚಪಾತಿ ಪಲ್ಯ ಸುತ್ತಿಕೊಂಡು ಹೋಗುತ್ತೇವೆ. ಸರೋವರದ ದಡದಲ್ಲಿ ಕೂತು ತಿನ್ನಲು ಯಾರೂ ಬೇಡ ಅನ್ನುವುದಿಲ್ಲ, ಡಬ್ಬಿ ಮುಚ್ಚಿ ಕಸವನ್ನು ವಾಪಸ್ ತಂದರೆ ಆಯಿತು. ಹೋಟೆಲ್‌ನಲ್ಲಿ ತಿನ್ನುವುದಾದರೆ ಸಸ್ಯಾಹಾರಿಗಳಿಗೆ ಹೆಚ್ಚಾಗಿ ಸಿಗುವುದು ಚೀಸ್ ಹಾಕಿದ ಸ್ಪೆಟ್ಸ್‌ಲೆ ಎಂಬ ನೂಡಲ್ಸ್‌ನಂಥ ತಿನಿಸು. ಅದರ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ಮನೆಯಲ್ಲಿ ಮೊಟ್ಟೆ ತಿನ್ನದವರಿದ್ದರೆ ಮೊದಲೇ ಹೇಳಿ.

ನೀರಿನ ಬಾಟಲಿ ತುಂಬಿಸಿಕೊಳ್ಳಿ. ದಾರಿಯ ಕಾರಂಜಿ, ನಲ್ಲಿಗಳ ಮೇಲೆ 'ಟ್ರಿಂಕ್‌ವಾಸರ್' ಎಂದಿದ್ದರೆ ಕುಡಿಯಬಹುದು, ಅದರ ಮುಂದೆ 'ಕೈನ್' ಎಂದಿದ್ದರೆ ಕುಡಿಯಬಾರದು. ಶೌಚಾಲಯಕ್ಕೆ ಚಿಲ್ಲರೆ ಇರಲಿ. ರೈಲಿನೊಳಗೆ ಪುಕ್ಕಟೆ, ಹಾಗಾಗಿ ಇಳಿಯುವ ಮೊದಲೇ ಹೋಗಿಬನ್ನಿ ಎಂದು ಎಲ್ಲರಿಗೂ ಹೇಳಿ.

ಐದನೇ ಹೆಜ್ಜೆ: ಮ್ಯೂನಿಕ್ ಸ್ಟೇಷನ್ ಮತ್ತು ಸೀಳುವ ರೈಲು

ಮ್ಯೂನಿಕ್ ಮುಖ್ಯ ಸ್ಟೇಷನ್ ನೋಡಲು ಒಂದೇ, ನಡೆಯಲು ಮೂರು. ಮಧ್ಯದಲ್ಲಿ ದೊಡ್ಡ ಹಾಲ್. 5ರಿಂದ 10ನೇ ಪ್ಲಾಟ್‌ಫಾರಂಗಳು ಒಂದು ಪಕ್ಕಕ್ಕೆ, 27ರಿಂದ 36 ಇನ್ನೊಂದು ಪಕ್ಕಕ್ಕೆ, ಎರಡೂ ಒಳಗೆ ಸರಿದು ದೂರದಲ್ಲಿವೆ. ನಮ್ಮ ಲೋಕಲ್ ರೈಲುಗಳು ಹೆಚ್ಚಾಗಿ ಹೊರಡುವುದು ಈ ಎರಡು ಪಕ್ಕಗಳಿಂದಲೇ. ಮಂಡಿ ನೋವಿನವರ ಜೊತೆ ಇದಕ್ಕೇ ಹತ್ತು ನಿಮಿಷ ಬೇಕು. ರೈಲಿನ ಸಮಯಕ್ಕೆ 25 ನಿಮಿಷ ಮೊದಲೇ ಸ್ಟೇಷನ್‌ನಲ್ಲಿರಿ. ಆಗ ಸೀಟೂ ಸಿಗುತ್ತದೆ. ಊರಿನ ಪೂರ್ವಕ್ಕೆ ಮನೆ ಇದ್ದವರು ಸಾಲ್ಜ್‌ಬರ್ಗ್ ರೈಲನ್ನು ಓಸ್ಟ್‌ಬಾನ್‌ಹೋಫ್‌ನಲ್ಲಿ ಹತ್ತಬಹುದು. ಆದರೆ ಬೇಸಿಗೆಯ ಶನಿವಾರ ಅಷ್ಟು ಹೊತ್ತಿಗೆ ಸೀಟು ಖಾಲಿಯಾಗಿರುತ್ತದೆ.

ಈಗ ಸೀಳುವ ರೈಲಿನ ವಿಷಯ. ನಮ್ಮ ಕಡೆಯಿಂದ ಬಂದವರಿಗೆ ಇದು ಹೊಸದು. ಟೇಗರ್ನ್‌ಸೇ ಸರೋವರಕ್ಕೆ ಹೋಗುವ ರೈಲು ಮ್ಯೂನಿಕ್‌ನಿಂದ ಒಂದಾಗಿ ಹೊರಡುತ್ತದೆ. ಹೋಲ್ಟ್ಸ್‌ಕಿರ್ಖನ್‌ನಲ್ಲಿ ಒಂದು ಭಾಗ ಕಳಚಿಕೊಂಡು ಬೈರಿಶ್‌ಸೆಲ್ ಕಡೆಗೆ ಹೋಗುತ್ತದೆ. ಮುಂದೆ ಶಾಫ್ಟ್‌ಲಾಖ್‌ನಲ್ಲಿ ಇನ್ನೊಮ್ಮೆ ಸೀಳಿ, ಒಂದು ಭಾಗ ಲೆಂಗ್‌ಗ್ರೀಸ್‌ಗೆ, ಒಂದು ಭಾಗ ಟೇಗರ್ನ್‌ಸೇಗೆ. ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಒಳಗಿನಿಂದ ನಡೆದು ಹೋಗಲು ಆಗುವುದಿಲ್ಲ.

ಅಪ್ಪ ಅಮ್ಮ ಬಂದ ಮೊದಲ ವರ್ಷ ನಾವು ಖಾಲಿ ಇದ್ದ ಡಬ್ಬಿ ನೋಡಿ ಖುಷಿಯಿಂದ ಕೂತೆವು. ಜರ್ಮನ್ ಪ್ರಕಟಣೆಗೆ ಕಿವಿಗೊಡಲಿಲ್ಲ. ಅಪ್ಪ ಕಿಟಕಿಯಾಚೆ ಹಸು ಎಣಿಸುತ್ತಿದ್ದರು. ಸರೋವರ ಎಲ್ಲಿ ಎಂದು ಅಮ್ಮ ಮೂರನೇ ಸಲ ಕೇಳಿದಾಗ ಫೋನ್ ತೆಗೆದು ನೋಡಿದೆ, ನಾವು ಲೆಂಗ್‌ಗ್ರೀಸ್ ದಾರಿಯಲ್ಲಿದ್ದೆವು. ಇಳಿದು, ಕಾದು, ಶಾಫ್ಟ್‌ಲಾಖ್‌ಗೆ ವಾಪಸ್ ಬಂದು, ಅಲ್ಲಿ ಮತ್ತೆ ಕಾದು, ಸರೋವರ ಮುಟ್ಟುವಾಗ ಮಧ್ಯಾಹ್ನ ಎರಡಾಗಿತ್ತು. ಅಮ್ಮ ಏನೂ ಅನ್ನಲಿಲ್ಲ. ಆದರೆ ದೋಣಿಯಲ್ಲಿ ಸುತ್ತು ಹಾಕಿಸುವ ಮಾತು ಕೊಟ್ಟಿದ್ದೆ, ಅಂದು ಅದಕ್ಕೆ ಸಮಯ ಸಿಗಲಿಲ್ಲ. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ.

ಹಾಗಾಗಿ ಹತ್ತುವ ಮೊದಲು ಆ ಡಬ್ಬಿಯ ಹೊರಗಿನ ಬೋರ್ಡ್ ಓದಿ. ಪ್ಲಾಟ್‌ಫಾರಂ ಬೋರ್ಡ್‌ನಲ್ಲಿ ಯಾವ ಭಾಗ ಎಲ್ಲಿಗೆ ಎಂದು ಅಕ್ಷರಗಳಿಂದ ತೋರಿಸಿರುತ್ತಾರೆ. ಒಳಗಿನ ಪರದೆಯಲ್ಲಿ ನಿಮ್ಮ ಊರಿನ ಹೆಸರು ಬರುತ್ತಿದೆಯಾ ನೋಡಿ. ಅನುಮಾನವಿದ್ದರೆ ಪಕ್ಕದವರನ್ನು "ಟೇಗರ್ನ್‌ಸೇ?" ಎಂದು ಕೇಳಿ. ಅಷ್ಟು ಸಾಕು, ಬೆರಳು ತೋರಿಸಿ ಹೇಳುತ್ತಾರೆ.

ಮೊದಲ ಸಲಕ್ಕೆ: ಸಾಲ್ಜ್‌ಬರ್ಗ್

ಇದು ಆಸ್ಟ್ರಿಯಾ. ಆದರೂ ಬಯರ್ನ್ ಟಿಕೆಟ್, ಡಾಯ್ಚ್‌ಲಾಂಡ್ ಟಿಕೆಟ್ ಎರಡೂ ಸಾಲ್ಜ್‌ಬರ್ಗ್ ಮುಖ್ಯ ಸ್ಟೇಷನ್‌ವರೆಗೆ ನಡೆಯುತ್ತವೆ. ಲೋಕಲ್ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಮುಕ್ಕಾಲು ದಾರಿ ಬಲಗಡೆ ಬೆಟ್ಟಗಳು ಜೊತೆಗೇ ಬರುತ್ತವೆ, ಹೋಗುವಾಗ ಆ ಕಡೆಯ ಕಿಟಕಿ ಹಿಡಿಯಿರಿ.

ಪಾಸ್‌ಪೋರ್ಟ್ ಮೂಲ ಪ್ರತಿಯೇ ಬೇಕು, ಫೋನ್‌ನ ಫೋಟೋ ಸಾಲದು. ಇಲ್ಲಿ ನೆಲೆಸಿದವರು ರೆಸಿಡೆನ್ಸ್ ಕಾರ್ಡನ್ನೂ ಇಟ್ಟುಕೊಳ್ಳಿ. ಎರಡೂ ದೇಶ ಶೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಒಳಗೇ ಇರುವುದರಿಂದ ಒಂದೇ ಪ್ರವೇಶದ ವೀಸಾ ಇರುವ ಅಪ್ಪ ಅಮ್ಮನೂ ಹೋಗಿಬರಬಹುದು. ಆದರೆ 2015ರಿಂದ ಜರ್ಮನಿ ಈ ಗಡಿಯಲ್ಲಿ ತಪಾಸಣೆ ಮಾಡುತ್ತಿದೆ. ವಾಪಸ್ ಬರುವಾಗ ಗಡಿಯ ಊರು ಫ್ರೈಲಾಸಿಂಗ್‌ನಲ್ಲಿ ಪೊಲೀಸರು ಹತ್ತುತ್ತಾರೆ. ಅಮ್ಮ ಗಾಬರಿಯಾಗದ ಹಾಗೆ ಮೊದಲೇ ಹೇಳಿಡಿ. ಇದರಿಂದ ರೈಲು ತಡವಾಗುವುದೂ ಉಂಟು.

ಊರೊಳಗೆ ಬಸ್ ಬೇಕಿಲ್ಲ. ಸ್ಟೇಷನ್‌ನಿಂದ ಕಾಲು ಗಂಟೆ ನಡೆದರೆ ಮಿರಾಬೆಲ್ ತೋಟ. ಪ್ರವೇಶ ಪುಕ್ಕಟೆ. ಹೂವಿನ ಮಡಿಗಳ ನೇರಕ್ಕೆ ಬೆಟ್ಟದ ಮೇಲಿನ ಕೋಟೆ ಕಾಣುತ್ತದೆ, ಮನೆಯವರ ಫೋಟೋ ತೆಗೆಯಲು ಇದೇ ಜಾಗ. ಅಲ್ಲಿಂದ ಸಾಲ್ಜಾಖ್ ನದಿಯ ಕಾಲುಸೇತುವೆ ದಾಟಿದರೆ ಗೆಟ್ರೈಡೆಗಾಸ್ಸೆ ಎಂಬ ಇಕ್ಕಟ್ಟು ಬೀದಿ. ಅಂಗಡಿಗಳ ಮೇಲೆ ಕಬ್ಬಿಣದಲ್ಲಿ ಕುಸುರಿ ಮಾಡಿದ ಫಲಕಗಳು ತೂಗುತ್ತವೆ. 9ನೇ ನಂಬರಿನ ಹಳದಿ ಮನೆಯಲ್ಲಿ 1756ರ ಜನವರಿ 27ರಂದು ಮೊಜಾರ್ಟ್ ಹುಟ್ಟಿದ. ಸಂಗೀತದ ಒಲವಿದ್ದರೆ ಒಳಗೆ ಹೋಗಿ, ಇಲ್ಲದಿದ್ದರೆ ಹೊರಗಿಂದ ನೋಡಿ ಮುಂದೆ ನಡೆಯಿರಿ.

ಕೋಟೆಯನ್ನು ಬಿಡಬೇಡಿ. ಹೋಹೆನ್‌ಸಾಲ್ಜ್‌ಬರ್ಗ್ ಕೋಟೆ ಕಟ್ಟಲು ಶುರುವಾದದ್ದು 1077ರಲ್ಲಿ. ಹತ್ತಲು ಆಗದವರಿಗೆ 1892ರಿಂದ ಓಡುತ್ತಿರುವ ಎಳೆಬಂಡಿ ಇದೆ, ಒಂದು ನಿಮಿಷದಲ್ಲಿ ಮೇಲಿರುತ್ತೀರಿ. ಮೇಲಿಂದ ಒಂದು ಕಡೆ ಊರಿನ ಗೋಪುರಗಳು, ಹಿಂದಿನ ಕಡೆ ಉಂಟರ್ಸ್‌ಬೆರ್ಗ್ ಬೆಟ್ಟ. ಹೆಚ್ಚಿನವರು ಊರಿನ ಕಡೆಯ ಫೋಟೋ ತೆಗೆದು ಇಳಿದುಬಿಡುತ್ತಾರೆ. ನೀವು ಹಿಂದಿನ ಕಡೆಗೂ ಹೋಗಿ. ಅಲ್ಲಿ ಗದ್ದಲ ಕಡಿಮೆ, ಗಾಳಿ ಚೆನ್ನಾಗಿರುತ್ತದೆ. ಐದು ಗಂಟೆಯ ಆಸುಪಾಸಿನ ರೈಲು ಹಿಡಿದರೆ ಊಟದ ಹೊತ್ತಿಗೆ ಮನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಕೀಮ್‌ಸೇ ಸರೋವರ

ಸಾಲ್ಜ್‌ಬರ್ಗ್ ದಾರಿಯಲ್ಲೇ ಸುಮಾರು ಒಂದು ಗಂಟೆಗೆ ಪ್ರೀನ್ ಸ್ಟೇಷನ್. ಇಳಿದು ಅರ್ಧ ಗಂಟೆಯೊಳಗೆ ನಡೆದರೆ ದೋಣಿ ಕಟ್ಟೆ. ಬೇಸಿಗೆಯಲ್ಲಿ 1887ರಿಂದ ಓಡುತ್ತಿರುವ ಪುಟ್ಟ ಹಬೆ ರೈಲೂ ಇದೆ, ಮಕ್ಕಳು ಅದನ್ನೇ ಕೇಳುತ್ತಾರೆ. ದೋಣಿಗೆ, ಹಬೆ ರೈಲಿಗೆ ನಮ್ಮ ಟಿಕೆಟ್ ನಡೆಯುವುದಿಲ್ಲ, ಬೇರೆ ತೆಗೆದುಕೊಳ್ಳಬೇಕು.

ಸರೋವರದ ನಡುವೆ ನೋಡಬೇಕಾದ ಎರಡು ದ್ವೀಪ. ದೊಡ್ಡದರಲ್ಲಿ ರಾಜ ಎರಡನೇ ಲುಡ್ವಿಗ್ 1878ರಲ್ಲಿ ಕಟ್ಟಲು ಶುರು ಮಾಡಿದ ಅರಮನೆ. ಫ್ರಾನ್ಸ್‌ನ ವರ್ಸೈ ಅರಮನೆಯಂತೆಯೇ ಬೇಕು ಎಂದು ಹಟ ಹಿಡಿದು ಕಟ್ಟಿಸಿದ. ಕನ್ನಡಿ ಹಜಾರದಲ್ಲಿ ನಿಂತರೆ ಮಾತೇ ಹೊರಡುವುದಿಲ್ಲ. ಆದರೆ ಅವನು ಅಲ್ಲಿ ಉಳಿದದ್ದು ಹತ್ತು ದಿನದಷ್ಟು ಮಾತ್ರ, ಅರಮನೆ ಪೂರ್ತಿಯಾಗಲೂ ಇಲ್ಲ. ಅದೇ ದ್ವೀಪದ ಹಳೇ ಮಠದ ಕಟ್ಟಡದಲ್ಲಿ 1948ರ ಆಗಸ್ಟ್‌ನಲ್ಲಿ ತಜ್ಞರು ಎರಡು ವಾರ ಕೂತು ಪಶ್ಚಿಮ ಜರ್ಮನಿಯ ಸಂವಿಧಾನದ ಕರಡು ಬರೆದರು. ಅರಮನೆಗೆ ಓಡುವ ಗಡಿಬಿಡಿಯಲ್ಲಿ ಬಹಳ ಜನ ಈ ಕಟ್ಟಡವನ್ನು ನೋಡದೆ ಹೋಗುತ್ತಾರೆ. ನಮ್ಮ ಅಪ್ಪ ಅರಮನೆಗಿಂತ ಅಲ್ಲೇ ಹೆಚ್ಚು ಹೊತ್ತು ನಿಂತರು.

ಚಿಕ್ಕ ದ್ವೀಪ ಫ್ರೌವನ್‌ಇನ್ಸೆಲ್. 782ರಲ್ಲಿ ಶುರುವಾದ ಸನ್ಯಾಸಿನಿಯರ ಮಠ, ಕೆಲವು ಮನೆ, ಹೂತೋಟ, ಅಷ್ಟೇ. ಕಾರು ಇಲ್ಲ. ದಡದುದ್ದಕ್ಕೂ ಒಂದು ಸುತ್ತು ಬರಲು ಅರ್ಧ ಗಂಟೆ ಸಾಕು. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆ ಜಾಗ ನಾನು ನೋಡಿಲ್ಲ. ಕೊನೆಯ ದೋಣಿ ಎಷ್ಟಕ್ಕೆ ಎಂದು ಇಳಿದ ತಕ್ಷಣ ಕಟ್ಟೆಯ ಬೋರ್ಡ್‌ನಲ್ಲಿ ನೋಡಿಕೊಳ್ಳಿ.

ಎಲ್ಲರೂ ಕೇಳುವ ಕೋಟೆ: ನೋಯ್‌ಶ್ವಾನ್‌ಸ್ಟೈನ್

ಕ್ಯಾಲೆಂಡರ್‌ಗಳಲ್ಲಿ ಕಾಣುವ ಬಿಳಿ ಕೋಟೆ ಇದು. ಇದೂ ಲುಡ್ವಿಗ್‌ನದೇ. 1869ರಲ್ಲಿ ಕೆಲಸ ಶುರುವಾಯಿತು. 1886ರ ಜೂನ್ 13ರಂದು ಅವನ ಹೆಣ ಸ್ಟಾರ್ನ್‌ಬೆರ್ಗ್ ಸರೋವರದಲ್ಲಿ ಸಿಕ್ಕಿತು. ಏಳು ವಾರ ಕಳೆಯುವಷ್ಟರಲ್ಲಿ ಕೋಟೆಯನ್ನು ಜನರಿಗೆ ತೆರೆದರು. 2025ರಲ್ಲಿ ಅವನ ಅರಮನೆಗಳು ಯುನೆಸ್ಕೋ ಪಟ್ಟಿಗೆ ಸೇರಿದವು.

ಮ್ಯೂನಿಕ್‌ನಿಂದ ಫ್ಯುಸ್ಸೆನ್‌ಗೆ ಎರಡು ಗಂಟೆ, ಕೆಲವು ರೈಲು ನೇರ, ಕೆಲವಕ್ಕೆ ನಡುವೆ ಬದಲಾಯಿಸಬೇಕು. ಸ್ಟೇಷನ್ ಮುಂದೆಯೇ ಬಸ್ ನಿಂತಿರುತ್ತದೆ, ನಿಮ್ಮ ಟಿಕೆಟ್ ಅದಕ್ಕೂ ಸಾಕು. ಒಳಗೆ ನೋಡುವ ಟಿಕೆಟ್ ಮಾತ್ರ ದಿನಗಳ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಅದರಲ್ಲಿ ನಿಮಿಷದ ಲೆಕ್ಕದ ಸಮಯ ಇರುತ್ತದೆ, ತಪ್ಪಿದರೆ ಹೋಯಿತು. ರೈಲು ಮುಟ್ಟುವ ಸಮಯಕ್ಕೂ ಒಳಗೆ ಹೋಗುವ ಸಮಯಕ್ಕೂ ಕನಿಷ್ಠ ಎರಡೂವರೆ ಗಂಟೆ ಅಂತರವಿರಲಿ. ದೂರದ ಬೆಟ್ಟ ನುಣ್ಣಗೆ ಎನ್ನುವ ಮಾತು ಇಲ್ಲಿ ನಿಜ: ಕೆಳಗಿಂದ ಹತ್ತಿರವೇ ಕಾಣುತ್ತದೆ, ನಡೆದರೆ 40 ನಿಮಿಷದ ಏರು. ಆಗದವರಿಗೆ ಕುದುರೆ ಗಾಡಿ, ಬಸ್ಸು ಇವೆ. ಹಿಮ ಬಿದ್ದ ದಿನ ಆ ಬಸ್ಸೂ ನಿಲ್ಲಬಹುದು, ಕೋಟೆ ಚೆನ್ನಾಗಿ ಕಾಣುವ ಮರೀನ್ ಸೇತುವೆಯನ್ನೂ ಮುಚ್ಚಬಹುದು. ಒಳಗಿನ ಪ್ರವಾಸ ಅರ್ಧ ಗಂಟೆ, ಫೋಟೋ ತೆಗೆಯುವಂತಿಲ್ಲ. ಮಂಡಿ ನೋವಿನ ಹಿರಿಯರಿಗೆ ಇದರ ಬದಲು ಕೀಮ್‌ಸೇ ತೋರಿಸಿ ಎನ್ನುವುದು ನನ್ನ ಸಲಹೆ.

ಇನ್ನು ಕೆಲವು

ರೇಗನ್ಸ್‌ಬುರ್ಗ್: ಒಂದೂವರೆ ಗಂಟೆ. ಡ್ಯಾನ್ಯೂಬ್ ಮೇಲಿನ 12ನೇ ಶತಮಾನದ ಕಲ್ಲಿನ ಸೇತುವೆ ಈಗಲೂ ಗಟ್ಟಿಯಾಗಿದೆ. ಊರು ಸಮತಟ್ಟು, ಮಳೆಗಾಲದಂಥ ದಿನಕ್ಕೂ ಸರಿ.

ಮಿಟನ್‌ವಾಲ್ಡ್: ಎರಡು ಗಂಟೆಯ ಹತ್ತಿರ. ಗಾರ್ಮಿಶ್ ದಾಟಿದ ಮೇಲಿನ ದಾರಿಯೇ ಸೊಗಸು. ಮನೆಗಳ ಗೋಡೆಯ ಮೇಲೆಲ್ಲ ಚಿತ್ರ. ಮಥಿಯಾಸ್ ಕ್ಲೋಟ್ಸ್ ಎಂಬ ಕುಶಲಕರ್ಮಿ ಇಲ್ಲಿ ನೆಲೆಗೊಳಿಸಿದ ಪಿಟೀಲು ತಯಾರಿಕೆ ಮುನ್ನೂರು ವರ್ಷ ದಾಟಿ ಇಂದಿಗೂ ನಡೆದಿದೆ, ಕಲಿಸುವ ಶಾಲೆಯೂ ಇದೆ. ಮನೆಯಲ್ಲಿ ಪಿಟೀಲು ಕಲಿಯುವ ಮಗು ಇದ್ದರೆ ಇಲ್ಲಿಗೇ ಹೋಗಿ.

ಡಾಖಾವ್: ಇದನ್ನು ಪ್ರವಾಸ ಎನ್ನಲು ಮನಸ್ಸು ಬರುವುದಿಲ್ಲ. 1933ರ ಮಾರ್ಚ್ 22ರಂದು ನಾಜಿಗಳು ಇಲ್ಲಿ ಬಂದಿಗಳ ಶಿಬಿರ ತೆರೆದರು. ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಕೂಡಿಹಾಕಿದರು, 41 ಸಾವಿರಕ್ಕೂ ಹೆಚ್ಚು ಜನ ಸತ್ತರು. ಪ್ರವೇಶ ಪುಕ್ಕಟೆ. ಎಸ್2 ರೈಲು, ಆಮೇಲೆ 726 ನಂಬರ್ ಬಸ್. ಅರ್ಧ ದಿನ ಸಾಕು, ಆದರೆ ಅದೇ ದಿನ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ. ಚಿಕ್ಕ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಿ.

ರೈಲು ತಡವಾದರೆ

ಆಗುತ್ತದೆ, ಮನಸ್ಸು ಕೆಡಿಸಿಕೊಳ್ಳಬೇಡಿ. ನಿಮ್ಮ ಟಿಕೆಟ್ ಯಾವುದೋ ಒಂದು ರೈಲಿಗೆ ಕಟ್ಟಿದ್ದಲ್ಲ, ಮುಂದಿನ ಲೋಕಲ್ ರೈಲಿಗೆ ಹತ್ತಬಹುದು. ಬೋರ್ಡ್‌ನಲ್ಲಿ 'ಫೆಲ್ಟ್ ಔಸ್' ಎಂದು ಬಂದರೆ ಆ ರೈಲು ರದ್ದು ಎಂದರ್ಥ. ಆಗ ಅಪ್ಪನ ಜೇಬಿನ ಚೀಟಿ ತೆಗೆಯಿರಿ. ಕೊನೆಯ ರೈಲಿಗೆ ಇನ್ನೂ ಎರಡು ರೈಲು ಬಾಕಿ ಇದ್ದರೆ, ಸ್ಟೇಷನ್ ಬೇಕರಿಯಲ್ಲಿ ಬಿಸಿ ಚಹಾ ಕೊಂಡು ಎಲ್ಲರೂ ಒಂದು ಬೆಂಚಿನ ಮೇಲೆ ಕೂತುಕೊಳ್ಳಿ. ರಾತ್ರಿ ಒಂದಕ್ಕೆ ಮ್ಯೂನಿಕ್ ಮುಟ್ಟಿದರೂ ಮನೆವರೆಗಿನ ಟ್ರಾಮ್‌ಗೆ ಅದೇ ಟಿಕೆಟ್ ನಡೆಯುತ್ತದೆ.